ಸೋತವನಿಗೆ ಸಂಬಳವೇಕೆ?

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ)

ವಾಡಿ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತು ತಡವಾದ ರೈಲುಗಾಡಿಯ ದಾರಿ ಕಾಯುತ್ತಿದ್ದಾಗ ನಮ್ಮ ಕಾಲೇಜಿನ ನಾಲ್ಕು ಮಂದಿಯಲ್ಲಿ ಒಂದು ವಾದ ಹುಟ್ಟಿತು. ಒಬ್ಬನು ಸೇಡಂನವನು, ಒಬ್ಬನು ಚಿತ್ತಾಪುರದವನು, ಇನ್ನೊಬ್ಬನು ಶಹಾಬಾದದವನು. ನಾನು ಚಿಂಚೋಳಿಯ ಕಡೆಯವನು. ಶಹಾಬಾದದ ಮಿತ್ರನಿಗೆ ಕಾಲ್ಚೆಂಡಾಟದ ಹುಚ್ಚು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು ೨೦೨೪ರ ಅಕ್ಟೋಬರಿನಲ್ಲಿ ತನ್ನ ಮ್ಯಾನೇಜರರಾಗಿದ್ದ ಎರಿಕ್ ಟೆನ್ ಹಾಗ್ ಎಂಬವರನ್ನು ತೆಗೆದುಹಾಕಿತೆಂದೂ, ಅವರನ್ನೂ ಅವರ ಸಹಾಯಕರನ್ನೂ ಬಿಡಿಸಿದ್ದಕ್ಕಾಗಿ ಕ್ಲಬ್ಬಿನ ಲೆಕ್ಕದಲ್ಲಿ ೧ ಕೋಟಿ ೪ ಲಕ್ಷ ಪೌಂಡು ಖರ್ಚು ಬಿದ್ದಿತೆಂದೂ ಅವನು ಹೇಳಿದನು. ನಮ್ಮ ರೂಪಾಯಿಯಲ್ಲಿ ನೂರು ಕೋಟಿಗೂ ಮೇಲಾಯಿತು. ಸೇಡಂನ ಮಿತ್ರನು ಹಣೆ ಚಚ್ಚಿಕೊಂಡು, “ಗೆದ್ದವನಿಗೆ ಬಹುಮಾನ ಕೊಡುವುದನ್ನು ಕೇಳಿದ್ದೇನೆ, ಸೋತು ಹೊರಬಿದ್ದವನಿಗೆ ಸಂಬಳವೇಕೆ?” ಎಂದನು. ಎಲ್ಲರೂ ನಕ್ಕೆವು. ಗಾಡಿ ಬಂತು, ವಾದ ಅರ್ಧಕ್ಕೆ ನಿಂತಿತು. ಉಳಿದ ಅರ್ಧವನ್ನು ಈ ವಾರ್ಷಿಕ ಸಂಚಿಕೆಯ ಪುಟಗಳಲ್ಲಿ ಮುಗಿಸಬೇಕೆಂಬುದು ನನ್ನ ಆಸೆ.

ಮೊದಲು ವಿಷಯವೇನೆಂಬುದನ್ನು ನೋಡೋಣ. ಕ್ಲಬ್ಬು ಮ್ಯಾನೇಜರನನ್ನು ಇಷ್ಟು ವರ್ಷಗಳಿಗೆಂದು ಅವಧಿ ಬರೆದು ನೇಮಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಅವನು ಹೇಳದೆ ಬಿಟ್ಟುಹೋಗುವಂತಿಲ್ಲ. ಬೇರೆ ಕ್ಲಬ್ಬು ಅವನನ್ನು ಕರೆದರೆ ಈ ಕ್ಲಬ್ಬಿಗೆ ಪರಿಹಾರ ಕಟ್ಟಿ ಕರೆದೊಯ್ಯಬೇಕು. ಕಟ್ಟು ಅವನಿಗೆ ಇರುವಾಗ ಕ್ಲಬ್ಬಿಗೂ ಇರುವುದು ನ್ಯಾಯ. ಅವಧಿಯ ನಡುವೆ ಅವನನ್ನು ತೆಗೆದರೆ ಮಾತು ಮುರಿದವರು ಕ್ಲಬ್ಬಿನವರೇ. ಇಲ್ಲಿ ಒಂದು ಭೇದವನ್ನು ಮರೆಯಬಾರದು. ದುರ್ನಡತೆ ಬೇರೆ, ಸೋಲು ಬೇರೆ. ಹಣ ನುಂಗಿದವನನ್ನು, ಕೆಲಸಕ್ಕೆ ಬಾರದವನನ್ನು ಬರಿಗೈಯಲ್ಲಿ ಕಳುಹಿಸಬಹುದು. ಪಂದ್ಯದಲ್ಲಿ ಸೋಲುವುದು ಕಾನೂನಿನ ಕಣ್ಣಿಗೆ ಅಪರಾಧವಲ್ಲ. ಇಬ್ಬರು ಆಡಿದರೆ ಒಬ್ಬರು ಸೋಲತಕ್ಕದ್ದೇ.

ನಮ್ಮ ಕಡೆ ಯುಗಾದಿಯಿಂದ ಯುಗಾದಿಗೆ ಒಕ್ಕಲುತನಕ್ಕೆ ಆಳು ಇಡುವ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ತೊಗರಿ ಬಿತ್ತುವ ಹೊತ್ತಿಗೆ ಧಣಿ ಸಿಟ್ಟಾಗಿ ವರ್ಷದಾಳನ್ನು ಅಟ್ಟಿದರೆ ಕಟ್ಟೆಯ ಮೇಲಿನ ಹಿರಿಯರು ಕೇಳುವ ಪ್ರಶ್ನೆ ಒಂದೇ ಎಂದು ನಮ್ಮಜ್ಜ ಹೇಳುತ್ತಿದ್ದರು: “ಆಳು ಹಿಡಿಯುವ ಕಾಲ ತಪ್ಪಿಸಿದೆಯಲ್ಲ, ಈಗ ಅವನು ಯಾರ ಮನೆಗೆ ಹೋಗಬೇಕು?” ಆ ವರ್ಷ ಬೆಳೆ ಬಂತೋ ಇಲ್ಲವೋ ಎಂದು ಅವರು ಕೇಳುತ್ತಿರಲಿಲ್ಲ. ಮಳೆ ಹೋದದ್ದಕ್ಕೆ ಆಳು ಹೊಣೆಯೇ? ಹಾಗಾದರೆ ಕಾಲ್ಚೆಂಡಿನ ಮ್ಯಾನೇಜರನು ಕೋಟಿ ಎಣಿಸುವ ವರ್ಷದಾಳು ಎಂದರೆ ತಪ್ಪಾಗಲಾರದು.

ಆದರೆ ಹಿರಿಯರು ಇನ್ನೊಂದು ಮಾತನ್ನೂ ಕೇಳುತ್ತಿದ್ದರು: “ಬೇರೆ ಕಡೆ ಸೇರಿಕೊಂಡೆಯಾ?” ಸೇರಿಕೊಂಡಿದ್ದರೆ ಲೆಕ್ಕ ಅಷ್ಟಕ್ಕೆ ಇಳಿಯಿತು. ವಿಶ್ವ ಕಾಲ್ಚೆಂಡು ಸಂಸ್ಥೆಯಾದ ಫಿಫಾ ೨೦೨೧ರ ಜನವರಿ ೧ರಿಂದ ತರಬೇತುದಾರರಿಗಾಗಿ ಜಾರಿಗೆ ತಂದ ನಿಯಮದ ಸಾರವೂ ಇದೇ. ಅಂತಾರಾಷ್ಟ್ರೀಯ ವ್ಯಾಜ್ಯಗಳಲ್ಲಿ, ಒಪ್ಪಂದದಲ್ಲಿ ಬೇರೆ ಮಾತು ಬರೆದಿಲ್ಲದಿದ್ದರೆ, ಸಕಾರಣವಿಲ್ಲದೆ ತೆಗೆಯಲ್ಪಟ್ಟವನಿಗೆ ಉಳಿದ ಅವಧಿಯ ಸಂಬಳ ಸಲ್ಲಬೇಕು. ಅಷ್ಟರಲ್ಲಿ ಹೊಸ ಕೆಲಸ ಸಿಕ್ಕಿದರೆ ಅಲ್ಲಿಯ ಗಳಿಕೆಯನ್ನು ಇದರಲ್ಲಿ ಕಳೆಯಬೇಕು. ಆದುದರಿಂದಲೇ ಅನೇಕ ಕ್ಲಬ್ಬುಗಳು ಇಡುಗಂಟು ಕೊಡದೆ ತಿಂಗಳು ತಿಂಗಳಿಗೆ ಕೊಡುತ್ತಾ, ಅವನಿಗೆ ಬೇರೆ ಕೆಲಸ ಸಿಗಲೆಂದು ದೇವರಿಗೆ ಹರಕೆ ಹೊರುತ್ತವೆ. ಒಮ್ಮೆಲೇ ಹಣ ಬೇಕೆಂದವನು ಮೊತ್ತದಲ್ಲಿ ಕೊಂಚ ಬಿಟ್ಟುಕೊಟ್ಟು ರಾಜಿಯಾಗುತ್ತಾನೆ. ಇನ್ನು ಕೆಲವರು ಮೊದಲೇ “ತೆಗೆದರೆ ಇಷ್ಟು, ಇದಕ್ಕೆ ಮೇಲಿಲ್ಲ” ಎಂದು ಬರೆದುಕೊಳ್ಳುತ್ತಾರೆ.

ಬರೆದುಕೊಂಡ ಒಂದು ಸಾಲಿಗೆ ಎಷ್ಟು ಬೆಲೆಯೆಂಬುದಕ್ಕೆ ಎರಡು ನಿದರ್ಶನ ಸಾಕು. ೨೦೦೮ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ಡಿನ ಮ್ಯಾನೇಜರರಾದ ಕೆವಿನ್ ಕೀಗನ್ ತಮ್ಮ ಮಾತು ಮೀರಿ ಆಟಗಾರನನ್ನು ತಂದರೆಂದು ಕ್ಲಬ್ಬು ಬಿಟ್ಟರು. ಇದು ಬಿಟ್ಟದ್ದಲ್ಲ, ಬಿಡುವಂತೆ ಮಾಡಿದ್ದು ಎಂದು ೨೦೦೯ರಲ್ಲಿ ಮಧ್ಯಸ್ಥ ಮಂಡಳಿಯು ತೀರ್ಪು ಕೊಟ್ಟಿತು. ಅವರು ಕೇಳಿದ್ದು ಅದೆಷ್ಟೋ ಪಟ್ಟು. ಸಿಕ್ಕಿದ್ದು ೨೦ ಲಕ್ಷ ಪೌಂಡು. ಏಕೆಂದರೆ ಒಪ್ಪಂದದಲ್ಲಿ ಬರೆದಿದ್ದುದು ಅಷ್ಟೇ. ಇನ್ನೊಂದು ಕಡೆ ಚೆಲ್ಸಿ ಕ್ಲಬ್ಬು, ಒಂದು ವರ್ಷ ಲೀಗನ್ನೂ ಮರುವರ್ಷ ಎಫ್.ಎ. ಕಪ್ಪನ್ನೂ ಗೆದ್ದುಕೊಟ್ಟ ಅಂಟೋನಿಯೊ ಕಾಂಟೆಯವರನ್ನು ೨೦೧೮ರ ಜುಲೈಯಲ್ಲಿ ತೆಗೆದು, ಉಳಿದ ಹಣ ಕೊಡಲು ಒಪ್ಪದೆ ವ್ಯಾಜ್ಯಕ್ಕೆ ನಿಂತಿತು. ನಿಂತು ಸೋತಿತು. ವಕೀಲರ ಖರ್ಚೂ ಸೇರಿ ಆ ಬದಲಾವಣೆಗೆ ೨ ಕೋಟಿ ೬೬ ಲಕ್ಷ ಪೌಂಡು ತಗಲಿದುದನ್ನು ಅದರ ಲೆಕ್ಕಪತ್ರವೇ ಹೇಳಿತು. ಜಿಪುಣನ ಗಂಟು ವಕೀಲನ ಪಾಲು!

ಇಂಗ್ಲೆಂಡಿನ ಮಾತು ದೂರವಾಯಿತೆಂದರೆ ನಮ್ಮ ದೇಶಕ್ಕೇ ಬರೋಣ. ೨೦೧೯ರಿಂದ ಭಾರತ ತಂಡದ ತರಬೇತುದಾರರಾಗಿದ್ದ ಕ್ರೊಯೇಷಿಯದ ಇಗೋರ್ ಸ್ಟಿಮಾಕ್ ಅವರಿಗೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ೨೦೨೩ರಲ್ಲಿ ಅವಧಿಯನ್ನು ೨೦೨೬ರವರೆಗೆ ಬೆಳೆಸಿಕೊಟ್ಟಿತು. ಮರುವರ್ಷ ಮಾರ್ಚಿಯಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು ಸೋಲು. ಜೂನ್ ೬ರಂದು ಕೋಲ್ಕತ್ತೆಯಲ್ಲಿ, ನಮ್ಮ ಬೆಂಗಳೂರು ಎಫ್.ಸಿ.ಯ ಸುನಿಲ್ ಛೇತ್ರಿ ವಿದಾಯ ಹೇಳಿದ ಪಂದ್ಯದಲ್ಲಿ, ಕುವೈತಿನೊಡನೆ ಗೋಲಿಲ್ಲದ ಸಮ. ಜೂನ್ ೧೧ರಂದು ದೋಹಾದಲ್ಲಿ ಕತಾರಿನ ಎದುರು ೧-೨ರ ಸೋಲು. ವಿಶ್ವಕಪ್ಪಿನ ದಾರಿ ಮುಚ್ಚಿತು. ಜೂನ್ ೧೭ರಂದು ಒಕ್ಕೂಟವು ಅವರನ್ನು ತೆಗೆದು, ಮೂರು ತಿಂಗಳ ಸಂಬಳ ಕೊಡುವೆನೆಂದಿತು. ಅವರು ಉಳಿದ ಎರಡು ವರ್ಷಗಳ ಲೆಕ್ಕ ಹಿಡಿದು ೯ ಲಕ್ಷಕ್ಕೂ ಮೇಲ್ಪಟ್ಟು ಡಾಲರು ಕೇಳಿ ಫಿಫಾದ ಬಾಗಿಲಿಗೆ ಹೋದರು. ಕೊನೆಗೆ ೪ ಲಕ್ಷ ಡಾಲರಿಗೆ, ಅಂದರೆ ಸುಮಾರು ೩ ಕೋಟಿ ೩೬ ಲಕ್ಷ ರೂಪಾಯಿಗೆ ರಾಜಿಯಾಯಿತು. ನಡುವೆ ಬಿಡಿಸುವ ಷರತ್ತನ್ನು ಒಪ್ಪಂದದಲ್ಲಿ ಸರಿಯಾಗಿ ಬರೆದಿರಲಿಲ್ಲವೆಂಬ ಕೂಗು ಒಕ್ಕೂಟದ ಒಳಗಿನಿಂದಲೇ ಎದ್ದಿತು. ಅವರ ನಂತರ ಬಂದ ಸ್ಪೇನಿನ ಮನೋಲೊ ಮಾರ್ಕೆಸ್ ೨೦೨೫ರ ಜುಲೈಯಲ್ಲಿ ಹೊರಟಾಗ, ಯಾರಿಗೂ ಯಾರದೂ ಬಾಕಿಯಿಲ್ಲವೆಂದು ಎರಡು ಕಡೆಯವರೂ ಒಪ್ಪಿ ಬೇರ್ಪಟ್ಟರು. ಒಂದೇ ಮನೆ, ಎರಡು ಬೀಳ್ಕೊಡುಗೆ!

ಈಗ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹಣ ಪಡೆದವನನ್ನು ಜರೆಯುವುದು ತಪ್ಪು. ಆತನು ಭಿಕ್ಷೆ ಪಡೆಯಲಿಲ್ಲ, ಬರೆದುಕೊಟ್ಟ ಮಾತಿನ ಬೆಲೆ ಪಡೆದನು. ಜರೆಯಬೇಕಾದುದು ಅವಸರದಲ್ಲಿ ಸಹಿ ಹಾಕಿ ಅವಸರದಲ್ಲಿ ಅಳಿಸುವ ಕೈಗಳನ್ನು. ಟೆನ್ ಹಾಗ್ ಅವರಿಗೆ ಅವಧಿ ಬೆಳೆಸಿದ್ದು ೨೦೨೪ರ ಜುಲೈಯಲ್ಲಿ. ತೆಗೆದದ್ದು ಅದೇ ಅಕ್ಟೋಬರಿನಲ್ಲಿ. ನಾಲ್ಕು ತಿಂಗಳೂ ತುಂಬಲಿಲ್ಲ! ಇದೇ ಕ್ಲಬ್ಬು ೨೦೧೮ರ ಜನವರಿಯಲ್ಲಿ ಜೋಸೆ ಮೊರಿನ್ಯೊ ಅವರ ಅವಧಿ ಬೆಳೆಸಿ, ಡಿಸೆಂಬರಿನಲ್ಲಿ ತೆಗೆದು, ೧ ಕೋಟಿ ೯೬ ಲಕ್ಷ ಪೌಂಡು ತೆತ್ತಿತ್ತು. ಒಮ್ಮೆ ಎಡವಿದ ಕಲ್ಲಿಗೆ ಮತ್ತೊಮ್ಮೆ ಎಡವಿದವನಿಗೆ ಏನೆನ್ನಬೇಕು?

ಸಹಿ ಹಾಕಿದವರ ಜೇಬಿನಿಂದ ಈ ಹಣ ಹೋಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅದೇ ೨೦೨೪ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಖರ್ಚು ತಗ್ಗಿಸುವ ಹೆಸರಿನಲ್ಲಿ ಸುಮಾರು ೨೫೦ ಸಾಮಾನ್ಯ ನೌಕರಿಗಳನ್ನು ಕಡಿಯಿತು. ೨೦೨೫ರಲ್ಲಿ ಮತ್ತಷ್ಟು ಕಡಿಯಲು ಹೊರಟಿತು. ಮಾಡಿದವರು ಯಾರೋ, ಉಂಡವರು ಯಾರೋ! ನಮ್ಮ ಒಕ್ಕೂಟದ ಹಣವೂ ಅಷ್ಟೇ. ಅದರಲ್ಲಿ ಸರಕಾರದ ಸಹಾಯವೂ ಉಂಟು. ಆ ೩ ಕೋಟಿ ೩೬ ಲಕ್ಷದಲ್ಲಿ ಚೆಂಡನ್ನೇ ಕಾಣದ ಎಷ್ಟು ಊರುಗಳ ಹುಡುಗರಿಗೆ ಒಂದು ಮೈದಾನ, ಒಬ್ಬ ಶಿಕ್ಷಕ ಸಿಗುತ್ತಿದ್ದರೋ ವಾಚಕರೇ ಎಣಿಸಿಕೊಳ್ಳಲಿ.

ಎಲ್ಲಿಯೋ ಇರುವ ಕೋಟ್ಯಧೀಶರ ಸಂಬಳ ಕಟ್ಟಿಕೊಂಡು ನಮಗೇನೆಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಮನೆಯ ಮಾತೊಂದನ್ನು ಹೇಳುತ್ತೇನೆ. ನನ್ನ ಅಣ್ಣನು ಒಬ್ಬ ಗುತ್ತಿಗೆದಾರನ ಕೈಕೆಳಗೆ ಸಿಮೆಂಟು ಚೀಲ ತುಂಬುವ ಕೆಲಸದಲ್ಲಿ ಐದು ವರ್ಷ ದುಡಿದನು. ಒಂದು ದಿನ ಮುಂಜಾನೆ ಗೇಟಿನಲ್ಲಿ “ನಾಳೆಯಿಂದ ಬರಬೇಡ” ಎಂದರು. ಅಷ್ಟೇ. ಅವನು ಸೈಕಲ್ಲು ತಿರುಗಿಸಿಕೊಂಡು ಬಂದು ಅಂಗಳದಲ್ಲಿ ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು, ಏನೂ ಕೇಳಲಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. ಒಂದು ವರ್ಷ ಎಡೆಬಿಡದೆ ದುಡಿದ ಕಾರ್ಮಿಕನನ್ನು ಅವನ ತಪ್ಪಿಲ್ಲದೆ ತೆಗೆಯುವಾಗ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ಮತ್ತು ದುಡಿದ ಪ್ರತಿ ವರ್ಷಕ್ಕೆ ೧೫ ದಿನಗಳ ಸಂಬಳ ಕೊಡಬೇಕೆಂದು ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆ ವಿಧಿಸಿತ್ತು. ೨೦೨೫ರ ನವೆಂಬರ್ ೨೧ರಂದು ಅದರ ಸ್ಥಾನಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಮಾತನ್ನು ಉಳಿಸಿಕೊಂಡಿದೆ. ಅಣ್ಣನ ಲೆಕ್ಕ ಐದು ವರ್ಷಕ್ಕೆ ೭೫ ದಿನ, ನೋಟೀಸಿನ ತಿಂಗಳು ಸೇರಿ ೧೦೫ ದಿನಗಳ ಕೂಲಿ. ಕೈಗೆ ಬಂದದ್ದು ಸೊನ್ನೆ. ಏಕೆಂದರೆ ಅವನ ಬಳಿ ನೇಮಕದ ಕಾಗದವಿರಲಿಲ್ಲ, ಸಂಬಳದ ಚೀಟಿಯಿರಲಿಲ್ಲ. ಐದು ವರ್ಷ ದುಡಿದೆನೆಂಬುದಕ್ಕೆ ಶ್ವಾಸಕೋಶದಲ್ಲಿ ಸೇರಿದ ಧೂಳಿನ ಹೊರತು ಬೇರೆ ಸಾಕ್ಷಿಯಿರಲಿಲ್ಲ.

ಕಾರ್ಖಾನೆಗಳು ನಿಲ್ಲುವುದು ನಮ್ಮ ನೆಲಕ್ಕೆ ಗೊತ್ತು. ಸೇಡಂ ತಾಲೂಕಿನ ಕುರಕುಂಟೆಯಲ್ಲಿ ಸಿಮೆಂಟ್ ಕಾರ್ಪೊರೇಷನ್ನಿನ ಘಟಕವು ೧೯೯೮ರಲ್ಲಿ ಉತ್ಪಾದನೆ ನಿಲ್ಲಿಸಿತು. ಶಹಾಬಾದದ ಹಳೆಯ ಸಿಮೆಂಟು ಕಾರ್ಖಾನೆಯೂ ಮುಚ್ಚಿತು. ಅಂಥಲ್ಲಿ ಹೆಸರು ಹಾಜರಿ ಪುಸ್ತಕದಲ್ಲಿದ್ದ ಖಾಯಂ ನೌಕರನಿಗೆ ಕೇಳುವ ಹಕ್ಕಾದರೂ ಇರುತ್ತದೆ. ಪುಸ್ತಕದ ಹೊರಗಿದ್ದವನಿಗೆ ಅದೂ ಇಲ್ಲ. ಅಷ್ಟೇಕೆ, ಸರಕಾರಿ ಕಾಲೇಜುಗಳಲ್ಲಿ ನಮಗೆ ಪಾಠ ಹೇಳುವ ಅತಿಥಿ ಉಪನ್ಯಾಸಕರನ್ನೇ ನೋಡಿ. ವರ್ಷಕ್ಕೊಮ್ಮೆ ಅರ್ಜಿ, ವರ್ಷಕ್ಕೊಮ್ಮೆ ಆತಂಕ. ನಡುವೆ ಖಾಯಂ ಅಧ್ಯಾಪಕರು ವರ್ಗವಾಗಿ ಬಂದರೆ ಅವರ ಪಾಠದ ಅವಧಿಗಳೇ ಕರಗುತ್ತವೆ. ಗುರುಗಳನ್ನು ಅತಿಥಿಯೆಂದು ಕರೆದು, ಅತಿಥಿಗೆ ಸಲ್ಲುವ ಬೀಳ್ಕೊಡುಗೆಯನ್ನೂ ಕೊಡದಿರುವುದು ಉಚಿತವೇ?

“ಸೋತರೂ ಹಣ ಬರುವುದಾದರೆ ಯಾರು ಮೈಮುರಿದು ದುಡಿದಾರು?” ಎಂದು ನನ್ನ ಸೇಡಂನ ಮಿತ್ರನು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ತರಬೇತುದಾರನ ಬಂಡವಾಳ ಅವನ ಹೆಸರು. ಸೋತು ತೆಗೆಯಲ್ಪಟ್ಟವನ ಹೆಸರು ಮಾಸುತ್ತದೆ, ಮುಂದಿನ ಸಂಬಳ ಇಳಿಯುತ್ತದೆ. ದುಡಿಯಲು ಆ ಭಯ ಸಾಕು. ಹೆಂಡತಿಮಕ್ಕಳ ಹೊಟ್ಟೆಯ ಭಯವನ್ನೂ ಅದಕ್ಕೆ ಸೇರಿಸಬೇಕಾಗಿಲ್ಲ. ಮಿತಿಮೀರಿದ ಮೊತ್ತವನ್ನು ನಾನೂ ಒಪ್ಪೆನು. ಅದಕ್ಕೆ ಮದ್ದು ಸುಲಭವಾಗಿದೆ: ಸೇರುವ ದಿನವೇ ಬಿಡುಗಡೆಯ ಮೊತ್ತವನ್ನು, ಹೆಚ್ಚೆಂದರೆ ಒಂದು ವರ್ಷದ ಸಂಬಳವೆಂದು ಬರೆಯಲಿ, ತಿಂಗಳು ತಿಂಗಳು ಕೊಡಲಿ, ಬೇರೆ ಕೆಲಸ ಸಿಕ್ಕಿದೊಡನೆ ನಿಲ್ಲಿಸಲಿ, ಸಾರ್ವಜನಿಕ ಹಣವಿರುವ ಸಂಸ್ಥೆಗಳಲ್ಲಿ ಆ ಷರತ್ತನ್ನೂ ಸಹಿ ಹಾಕಿದವರ ಹೆಸರನ್ನೂ ಎಲ್ಲರಿಗೂ ತಿಳಿಸಲಿ. ಮದುವೆಯ ಮಾತುಕತೆಯಲ್ಲಿ ಬೇರ್ಪಡುವ ಮಾತು ಅಪಶಕುನ. ನೌಕರಿಯ ಮಾತುಕತೆಯಲ್ಲಿ ಅದನ್ನಾಡದಿರುವುದೇ ಅಪಶಕುನ.

ಸಹಪಾಠಿಗಳೇ, ಇನ್ನು ಕೆಲವೇ ತಿಂಗಳಲ್ಲಿ ನಾವು ಒಬ್ಬೊಬ್ಬರಾಗಿ ಯಾವುದೋ ಕಾಗದಕ್ಕೆ ಸಹಿ ಹಾಕಲಿದ್ದೇವೆ. ಸಂಬಳ ಬರೆದ ಮೊದಲ ಪುಟವನ್ನು ಎಲ್ಲರೂ ಓದುತ್ತಾರೆ. ಬಿಡುಗಡೆಯ ಮಾತಿರುವ ಕೊನೆಯ ಪುಟವನ್ನು ಎರಡು ಸಲ ಓದಿರಿ. ಕಾಗದವನ್ನೇ ಕೊಡದಿದ್ದರೆ ಸಂಕೋಚವಿಲ್ಲದೆ ಕೇಳಿರಿ. ನಮ್ಮಲ್ಲಿ ಕೆಲವರು ಮುಂದೆ ಆಳನ್ನು ಇಡುವ ಸ್ಥಾನಕ್ಕೂ ಏರಬಹುದು. ಆಗ ಬರೆಯದ ಮಾತನ್ನೂ ಬರೆದ ಮಾತಿನಂತೆಯೇ ನಡೆಸುವ ಮನಸ್ಸು ನಮಗಿರಲಿ.

ವಾಡಿಯಲ್ಲಿ ಅರ್ಧಕ್ಕೆ ನಿಂತ ವಾದಕ್ಕೆ ನನ್ನ ಉತ್ತರವಿಷ್ಟು: ಸೋತವನಿಗೆ ಕೊಡುವುದು ಸೋಲಿನ ಸಂಬಳವಲ್ಲ, ಮಾತಿನ ಸಾಲ. ಕೋಟಿಯವನಿಗೆ ಆ ಸಾಲ ತೀರುವ ಲೋಕದಲ್ಲಿ ೧೦೫ ದಿನಗಳ ಕೂಲಿಯವನಿಗೂ ತೀರಬೇಕು.