ಹಾಬಿಟ್ ಶೂಟಿಂಗ್ ಶುರುವಾಗುವ ಮೊದಲು

2011ರ ಮಾರ್ಚ್ 21ರಂದು ನ್ಯೂಜಿಲೆಂಡ್‌ನ ವೆಲಿಂಗ್ಟನ್‌ನಲ್ಲಿ ‘ದಿ ಹಾಬಿಟ್’ ಚಿತ್ರೀಕರಣ ಶುರುವಾಯಿತು. ನಮ್ಮಲ್ಲಿ ಮುಹೂರ್ತಕ್ಕೆ ಪೂಜೆ ಮಾಡಿ ಕಾಯಿ ಒಡೆಯುವ ಹಾಗೆ ಅಲ್ಲಿ ಮಾವೊರಿ ಜನರ ಸಾಂಪ್ರದಾಯಿಕ ಸ್ವಾಗತ ವಿಧಿ ನಡೆಯಿತು. ಮೊದಲು ತೆಗೆದದ್ದು ಗುಹೆಯ ದೃಶ್ಯ. ಕತ್ತಲಲ್ಲಿ ದಾರಿ ತಪ್ಪಿದ ಬಿಲ್ಬೊ, ಅವನನ್ನು ತಿನ್ನಲು ಹವಣಿಸುವ ಗೊಲ್ಲಮ್, ಇಬ್ಬರ ನಡುವೆ ಒಗಟಿನ ಪಂದ್ಯ. ಗೆದ್ದರೆ ಹೊರಗೆ ಹೋಗುವ ದಾರಿ, ಸೋತರೆ ಪ್ರಾಣವೇ ಹೋಯಿತು. ಮಾರ್ಟಿನ್ ಫ್ರೀಮನ್ ಮತ್ತು ಆ್ಯಂಡಿ ಸರ್ಕಿಸ್ ಈ ದೃಶ್ಯವನ್ನು ಅಭಿನಯಿಸುವುದಕ್ಕೆ ಐದು ತಿಂಗಳ ಮುಂಚೆ, ಈ ಶೂಟಿಂಗ್ ತನ್ನ ನೆಲದಲ್ಲೇ ನಡೆಯಲಿ ಎಂದು ಆ ದೇಶ ತನ್ನ ಕಾರ್ಮಿಕ ಕಾನೂನನ್ನೇ ತಿದ್ದಿಕೊಂಡಿತ್ತು. ಅದು ಸರಿಯೋ ತಪ್ಪೋ ಎಂಬ ಜಗಳ ಅಲ್ಲಿ ವರ್ಷಗಟ್ಟಲೆ ನಡೆಯಿತು. ಎರಡೂ ಕಡೆಯವರ ಮಾತಿನಲ್ಲಿ ತಥ್ಯವಿದ್ದದ್ದರಿಂದಲೇ ಅದು ಅಷ್ಟು ದಿನ ಉಳಿಯಿತು.

ಕತೆಯ ಕಾಲದಲ್ಲಿ ‘ಹಾಬಿಟ್’ ‘ಲಾರ್ಡ್ ಆಫ್ ದ ರಿಂಗ್ಸ್’ಗಿಂತ ಹಿಂದಿನದು. ಆದರೆ ಸಿನಿಮಾ ನೋಡುವವರಿಗೆ, ಅದಕ್ಕಿಂತ ಹೆಚ್ಚಾಗಿ ನ್ಯೂಜಿಲೆಂಡ್‌ನವರಿಗೆ, ಇದು ಮುಂದಿನ ಭಾಗವೇ. ಪೀಟರ್ ಜಾಕ್ಸನ್ 1999 ಮತ್ತು 2000ದಲ್ಲಿ ಮೊದಲ ಮೂರು ಚಿತ್ರಗಳನ್ನು ಅಲ್ಲೇ ಒಟ್ಟಿಗೆ ಚಿತ್ರೀಕರಿಸಿದ್ದರು. 2004ರಲ್ಲಿ ಮೂರನೆಯದಕ್ಕೆ 11 ಆಸ್ಕರ್ ಬಂತು. ಸುಮಾರು 44 ಲಕ್ಷ ಜನರ ಆ ದೇಶದಲ್ಲಿ ವೆಲಿಂಗ್ಟನ್‌ನ ಮಿರಮಾರ್ ಬಡಾವಣೆ ಖಡ್ಗ, ಕವಚ, ಮುಖವಾಡ ಮಾಡುವವರಿಂದ ಹಿಡಿದು ಕಂಪ್ಯೂಟರ್‌ನಲ್ಲಿ ದೈತ್ಯರನ್ನು ಸೃಷ್ಟಿಸುವವರವರೆಗೆ ಸಾವಿರಾರು ಜನರ ಅನ್ನದ ದಾರಿಯಾಯಿತು. ಮುಂದಿನ ಚಿತ್ರ ಬೇರೆ ದೇಶಕ್ಕೆ ಹೋಗುತ್ತದೆ ಎಂಬ ಸುದ್ದಿ ಕೇಳಿ ಆ ಬಡಾವಣೆ ಹೆದರಿದ್ದು ಸಹಜ.

ಚಿತ್ರ ಮೊದಲೇ ತೊಡಕಿನಲ್ಲಿತ್ತು. ನಿರ್ದೇಶಿಸಬೇಕಿದ್ದ ಗಿಯೆರ್ಮೊ ಡೆಲ್ ಟೋರೊ 2010ರ ಮೇ ತಿಂಗಳಲ್ಲಿ ಕೈಬಿಟ್ಟಿದ್ದರು. ಪಾಲುದಾರ ಸಂಸ್ಥೆ ಎಂಜಿಎಂ ಸಾಲದಲ್ಲಿ ಮುಳುಗಿತ್ತು. ಅಂಥ ಹೊತ್ತಿನಲ್ಲಿ, ಸೆಪ್ಟೆಂಬರ್‌ನಲ್ಲಿ, ಈ ಚಿತ್ರದ ಕರಾರಿಗೆ ಸಹಿ ಹಾಕಬೇಡಿ ಎಂದು ನಟರ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಸದಸ್ಯ ಸಂಘಗಳಿಗೆಲ್ಲ ಸೂಚನೆ ಕೊಟ್ಟಿತು. ಹಾಗೆ ಕೇಳಿಕೊಂಡದ್ದು ನ್ಯೂಜಿಲೆಂಡ್ ನಟರ ಸಂಘ. ಅದು ಆಸ್ಟ್ರೇಲಿಯಾದ ದೊಡ್ಡ ಸಂಘಟನೆಯೊಂದರ ಭಾಗ.

ನಟರು ಕೇಳಿದ್ದು ಅತಿಯಾದದ್ದೇನಲ್ಲ. ಅಮೆರಿಕದ ನಟರಿಗೆ ಸಂಘದ ಒಪ್ಪಂದವಿತ್ತು. ಕನಿಷ್ಠ ಸಂಭಾವನೆ, ಕೆಲಸದ ಷರತ್ತು, ಚಿತ್ರ ಮತ್ತೆ ಮತ್ತೆ ಪ್ರದರ್ಶನವಾದಾಗ ಬರುವ ಪಾಲು, ಎಲ್ಲವೂ ಬರಹದಲ್ಲಿತ್ತು. ಅದೇ ಸೆಟ್‌ನಲ್ಲಿ ನಿಂತ ಸ್ಥಳೀಯ ನಟನಿಗೆ ಇದ್ದದ್ದು ‘ಪಿಂಕ್ ಬುಕ್’ ಎಂಬ ಮಾರ್ಗಸೂಚಿ ಮಾತ್ರ. ನಿರ್ಮಾಪಕರು ಪಾಲಿಸಿದರೆ ಪುಣ್ಯ, ಬಿಟ್ಟರೆ ಕೇಳುವವರಿಲ್ಲ. ಒಟ್ಟಾಗಿ ಕೂತು ಒಂದು ಒಪ್ಪಂದ ಮಾಡಿಕೊಳ್ಳೋಣ ಎಂದರೆ ಸರ್ಕಾರದ ಕಡೆಯ ಕಾನೂನು ತಜ್ಞರು ಬೇರೆಯೇ ತೊಡಕು ತೋರಿಸಿದರು. ನಟರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಸ್ವತಂತ್ರ ಗುತ್ತಿಗೆದಾರರು ಒಟ್ಟು ಸೇರಿ ದರ ನಿಗದಿ ಮಾಡಿದರೆ ಅದು ವ್ಯಾಪಾರಿಗಳು ಒಳಸಂಚು ಮಾಡಿ ಬೆಲೆ ಏರಿಸಿದಂತೆ, ಕಾನೂನುಬಾಹಿರ. ಒಬ್ಬೊಬ್ಬನಾಗಿ ಹೋದರೆ ಸ್ಟುಡಿಯೊ ಎದುರು ಬಲವಿಲ್ಲ, ಒಟ್ಟಾಗಿ ಹೋದರೆ ಅಪರಾಧ. ಈ ಇಕ್ಕಟ್ಟನ್ನು ನೋಡಿದ ಯಾರಿಗಾದರೂ ನಟರ ಸಿಟ್ಟು ಅರ್ಥವಾಗುತ್ತದೆ.

ಜಾಕ್ಸನ್ ಅವರ ಉತ್ತರವನ್ನೂ ಅಷ್ಟೇ ಗಮನವಿಟ್ಟು ಕೇಳಬೇಕು. ತಮ್ಮ ಚಿತ್ರಗಳಲ್ಲಿ ಮಾರ್ಗಸೂಚಿಗಿಂತ ಒಳ್ಳೆಯ ಷರತ್ತುಗಳನ್ನೇ ಕೊಟ್ಟಿದ್ದೇವೆ, ಅಮೆರಿಕದ ಸಂಘದಲ್ಲಿಲ್ಲದ ನಟರಿಗೂ ಈ ಬಾರಿ ಲಾಭದ ಪಾಲು ಮೀಸಲಿಡಲು ಚಿತ್ರದ ಸ್ಟುಡಿಯೊ ವಾರ್ನರ್ ಬ್ರದರ್ಸ್ ಒಪ್ಪಿದೆ ಎಂದರು ಅವರು. ಇಡೀ ಉದ್ಯಮದ ಒಪ್ಪಂದವನ್ನು ಒಬ್ಬ ನಿರ್ಮಾಪಕನ ಕುತ್ತಿಗೆಗೆ ಕಟ್ಟುವುದು ಸರಿಯಲ್ಲ ಎಂಬುದು ಅವರ ವಾದ. ಈ ಮಾತು ನನಗೆ ಒಪ್ಪಿಗೆಯೇ. ಹಸಿರು ನಿಶಾನೆಯೂ ಸಿಕ್ಕಿರದ ಚಿತ್ರದ ಮೇಲೆ ಜಾಗತಿಕ ಬಹಿಷ್ಕಾರ ಹೇರಿದ್ದು, ಅದೂ ದೇಶದೊಳಗಿನ ಮಾತುಕತೆಯ ದಾರಿಗಳನ್ನೆಲ್ಲ ನೋಡುವ ಮೊದಲೇ ಹೇರಿದ್ದು, ನಟರ ನ್ಯಾಯವಾದ ಬೇಡಿಕೆಗೇ ಪೆಟ್ಟು ಕೊಟ್ಟಿತು. ಅಕ್ಟೋಬರ್ 20ರಂದು ವೆಲಿಂಗ್ಟನ್‌ನಲ್ಲಿ ನಟರ ಸಭೆ ನಡೆಯಬೇಕಿತ್ತು. ಖಡ್ಗ, ಕವಚ ಮಾಡುವ ವೇಟಾ ವರ್ಕ್‌ಶಾಪ್‌ನ ರಿಚರ್ಡ್ ಟೇಲರ್ ಮುಂದೆ ನಿಂತು, ನೂರಾರು ತಂತ್ರಜ್ಞರು ಬೀದಿಗಿಳಿದು ಅಲ್ಲಿಗೆ ನಡೆದರು. ಸಭೆ ರದ್ದಾಯಿತು. ದುಡಿಯುವವರ ವಿರುದ್ಧ ದುಡಿಯುವವರೇ ನಿಂತರು. ಈ ಪ್ರಕರಣದಲ್ಲಿ ನನಗೆ ಅತಿ ನೋವಿನದಾಗಿ ಕಾಣುವುದು ಇದೇ. ನಟನಿಗೆ ಈ ಚಿತ್ರ ಕೈತಪ್ಪಿದರೆ ಒಂದು ಪಾತ್ರ ಹೋಗುತ್ತದೆ. ಅಚ್ಚು ಎರೆಯುವವನಿಗೆ, ಬಡಗಿಗೆ, ವಿಗ್ ಹೆಣೆಯುವವಳಿಗೆ ಎರಡು ವರ್ಷದ ಕೂಲಿಯೇ ಹೋಗುತ್ತದೆ. ಅವರನ್ನು ಸ್ಟುಡಿಯೊದ ಏಜೆಂಟರು ಎಂದು ಜರೆದವರು ಅವರ ಮನೆಯ ಲೆಕ್ಕವನ್ನು ನೋಡಿರಲಿಲ್ಲ.

ಅಕ್ಟೋಬರ್ 25, ಸೋಮವಾರ, ಆ ದೇಶದ ಕಾರ್ಮಿಕ ದಿನ. ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂಬ ಹಕ್ಕನ್ನು ನೆನೆಯುವ ರಜೆ ಅದು. ಅಂದು ಊರೂರುಗಳಲ್ಲಿ ಜನ ಸೇರಿ ಹಾಬಿಟ್ ನಮ್ಮಲ್ಲೇ ಉಳಿಯಲಿ ಎಂದು ಮೆರವಣಿಗೆ ಮಾಡಿದರು. ಮರುದಿನ ವಾರ್ನರ್ ಬ್ರದರ್ಸ್ ಅಧಿಕಾರಿಗಳು ಪ್ರಧಾನಿ ಜಾನ್ ಕೀ ಅವರನ್ನು ಭೇಟಿ ಮಾಡಿದರು. 27ರಂದು ಒಪ್ಪಂದವಾಯಿತು. ಆಗಲೇ ಇದ್ದ ಶೇಕಡಾ 15ರ ಸಹಾಯಧನದ ಮೇಲೆ ಚಿತ್ರವೊಂದಕ್ಕೆ 75 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಹೆಚ್ಚುವರಿ ರಿಯಾಯಿತಿ, ಪ್ರಚಾರದ ವೆಚ್ಚದಲ್ಲಿ 1 ಕೋಟಿ ಡಾಲರ್, ಜೊತೆಗೆ ಕಾನೂನು ತಿದ್ದುಪಡಿ. ಎರಡೇ ದಿನದಲ್ಲಿ, ತುರ್ತು ಕಲಾಪದ ಅಡಿಯಲ್ಲಿ, ಸಂಸದೀಯ ಸಮಿತಿಗೆ ಕಳಿಸದೆ, 66–50 ಮತಗಳಿಂದ ತಿದ್ದುಪಡಿ ಅಂಗೀಕಾರವಾಯಿತು.

ಹಣದ ವಿಷಯ ಹೆಚ್ಚು ಹೊತ್ತು ಬೇಡ. ದೊಡ್ಡ ಚಿತ್ರಗಳನ್ನು ಸೆಳೆಯಲು ಬ್ರಿಟನ್, ಐರ್ಲೆಂಡ್, ಪೂರ್ವ ಯುರೋಪಿನ ದೇಶಗಳೆಲ್ಲ ಕೊಡುತ್ತಿದ್ದ ಆಮಿಷ ಇಂಥದ್ದೇ. ಸಂತೆಗೆ ಹೋದ ಮೇಲೆ ಅಲ್ಲಿನ ದರ ಕೊಡಲೇಬೇಕಾಗುತ್ತದೆ.

ಕಾನೂನಿನ ತಿದ್ದುಪಡಿಯ ವಿಷಯ ಹಾಗಲ್ಲ. ಅದರ ಬೇರು ‘ಲಾರ್ಡ್ ಆಫ್ ದ ರಿಂಗ್ಸ್’ ಕಾಲಕ್ಕೇ ಹೋಗುತ್ತದೆ. ಆಗ ಕಿರುಮಾದರಿಗಳನ್ನು ತಯಾರಿಸುವ ವಿಭಾಗದಲ್ಲಿ ಒಬ್ಬ ತಂತ್ರಜ್ಞ ದುಡಿಯುತ್ತಿದ್ದ. ಕಾಗದದಲ್ಲಿ ಅವನು ಸ್ವತಂತ್ರ ಗುತ್ತಿಗೆದಾರ. ಆದರೆ ಕೆಲಸ ಕಲಿಸಿದ್ದು ಕಂಪನಿ, ವೇಳೆ ನಿಗದಿ ಮಾಡಿದ್ದು ಕಂಪನಿ, ಮೇಲ್ವಿಚಾರಣೆಯೂ ಕಂಪನಿಯದೇ. ಕೆಲಸ ಕಳೆದುಕೊಂಡ ಮೇಲೆ, ತಾನು ನೌಕರನೇ ಎಂದು ಅವನು ನ್ಯಾಯಾಲಯದ ಮೆಟ್ಟಿಲೇರಿದ. 2005ರಲ್ಲಿ ಸುಪ್ರೀಂ ಕೋರ್ಟ್ ಅವನ ವಾದವನ್ನು ಎತ್ತಿಹಿಡಿಯಿತು. ಕರಾರಿನಲ್ಲಿ ಏನು ಬರೆದಿದೆ ಎನ್ನುವುದೊಂದೇ ಸಾಲದು, ದಿನನಿತ್ಯದ ದುಡಿಮೆಯ ಸಂಬಂಧ ನಿಜವಾಗಿ ಹೇಗಿದೆ ಎಂದು ನೋಡಬೇಕು ಎಂಬುದು ಅದರ ತಿರುಳು. 2010ರ ತಿದ್ದುಪಡಿ ಚಿತ್ರರಂಗದ ಮಟ್ಟಿಗೆ ಈ ರಕ್ಷಣೆಯನ್ನೇ ತೆಗೆದುಹಾಕಿತು. ನೌಕರ ಎಂದು ಬರಹದಲ್ಲಿ ಇಲ್ಲದಿದ್ದರೆ ಅವನು ಗುತ್ತಿಗೆದಾರ, ಮುಗಿಯಿತು. ರಜೆಯ ಸಂಬಳವಿಲ್ಲ, ಕೆಲಸದಿಂದ ತೆಗೆದರೆ ದೂರು ಕೊಡುವ ದಾರಿಯಿಲ್ಲ.

ಇದನ್ನು ಸಮರ್ಥಿಸುವವರಿಗೂ ಕಾರಣವಿತ್ತು. 50 ಕೋಟಿ ಡಾಲರ್ ಸುರಿಯಲು ಹೊರಟವರಿಗೆ, ಇಂದು ಗುತ್ತಿಗೆಯಲ್ಲಿ ಬಂದವನು ನಾಳೆ ಕೋರ್ಟಿನಲ್ಲಿ ನೌಕರನಾಗುತ್ತಾನೋ ಏನೋ ಎಂಬ ಅನಿಶ್ಚಿತತೆ ದೊಡ್ಡದು. ಸಿನಿಮಾ ಕೆಲಸವೂ ಕಾರ್ಖಾನೆಯಂತಲ್ಲ. ಶೂಟಿಂಗ್ ಮುಗಿದರೆ ಕೆಲಸ ಮುಗಿಯಿತು. ಸ್ವತಂತ್ರವಾಗಿರುವುದನ್ನೇ ಇಷ್ಟಪಡುವ, ತೆರಿಗೆಯ ಅನುಕೂಲಕ್ಕಾಗಿ ಅದನ್ನೇ ಬಯಸುವ ಎಷ್ಟೋ ತಂತ್ರಜ್ಞರು ಅಲ್ಲಿದ್ದರು, ಈಗಲೂ ಇದ್ದಾರೆ. ಇವೆಲ್ಲ ನಿಜ. ಆದರೆ ಇವು ಸಮಿತಿಯ ಮುಂದೆ ಚರ್ಚೆಯಾಗಬೇಕಾದ ವಿಷಯಗಳು. ಕಾರ್ಮಿಕರನ್ನೂ ವಕೀಲರನ್ನೂ ನಿರ್ಮಾಪಕರನ್ನೂ ಕರೆದು ಕೆಲವು ವಾರ ಕೇಳಿದ್ದರೆ ಬೇರೆ ರೂಪದ ಕಾನೂನು ಬರುತ್ತಿತ್ತು ಎಂದೇ ನನ್ನ ನಂಬಿಕೆ. ಆಮೇಲೆ ಹೊರಬಂದ ಇ-ಮೇಲ್‌ಗಳು ಈ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿದವು. ಬಹಿಷ್ಕಾರಕ್ಕೂ ಚಿತ್ರೀಕರಣದ ಸ್ಥಳದ ಆಯ್ಕೆಗೂ ಸಂಬಂಧವಿಲ್ಲ, ಸ್ಟುಡಿಯೊಗೆ ಬೇಕಿರುವುದು ಉದ್ಯೋಗ ಕಾನೂನಿನ ಸ್ಥಿರತೆ ಎಂದು ಜಾಕ್ಸನ್ ಅಕ್ಟೋಬರ್ 18ರಂದೇ ಸಚಿವರಿಗೆ ಬರೆದಿದ್ದರು. ಬೀದಿಯಲ್ಲಿದ್ದ ಜನಕ್ಕೆ ಮಾತ್ರ ನಟರಿಂದಲೇ ಚಿತ್ರ ಕೈತಪ್ಪುತ್ತಿದೆ ಎಂಬ ಚಿತ್ರಣ ಸಿಕ್ಕಿತ್ತು. ಸ್ಟುಡಿಯೊಗೆ ಬೇಕಿದ್ದುದೇನು ಎಂಬುದು ಮೆರವಣಿಗೆಗೆ ಮುಂಚೆಯೇ ಬಯಲಾಗಿದ್ದರೆ, ತಂತ್ರಜ್ಞರು ತಮ್ಮದೇ ರಕ್ಷಣೆ ಹೋಗುತ್ತಿರುವುದನ್ನು ಕಾಣುತ್ತಿದ್ದರು.

ದೇಶಕ್ಕೆ ಬಂದದ್ದನ್ನೂ ಕಡೆಗಣಿಸುವಂತಿಲ್ಲ. ಮಾಟಮಾಟಾ ಹತ್ತಿರದ ಕುರಿ ಸಾಕಣೆಯ ಜಮೀನಿನಲ್ಲಿ ಮೊದಲ ಸಲ ಕಟ್ಟಿದ ಹಾಬಿಟ್ ಊರು ತಾತ್ಕಾಲಿಕವಾಗಿತ್ತು. ಈ ಬಾರಿ ಅದನ್ನು ಕಾಯಂ ಆಗಿ ಕಟ್ಟಿದರು, ಇಂದಿಗೂ ಪ್ರವಾಸಿಗರು ಬರುತ್ತಲೇ ಇದ್ದಾರೆ. ಬಿಲ್ಬೊನ ಮನೆಯ ಮೇಲಿರುವ ಓಕ್ ಮರ ನಿಜವಾದ ಮರವಲ್ಲ. ಉಕ್ಕಿನ ಚೌಕಟ್ಟಿನ ಮೇಲೆ ಎದ್ದು ನಿಂತ ಅದಕ್ಕೆ ತೈವಾನ್‌ನಿಂದ ತರಿಸಿದ ಎರಡು ಲಕ್ಷಕ್ಕೂ ಹೆಚ್ಚು ಕೃತಕ ಎಲೆಗಳನ್ನು ಒಂದೊಂದಾಗಿ ತಂತಿಯಿಂದ ಕಟ್ಟಿದ್ದಾರೆ. ಬಣ್ಣ ಒಪ್ಪಿಗೆಯಾಗದೆ, ಶೂಟಿಂಗ್‌ಗೆ ಮುಂಚೆ ಆ ಎಲೆಗಳಿಗೆ ಮತ್ತೆ ಕೈಯಿಂದಲೇ ಬಣ್ಣ ಬಳಿದರು. ಪರದೆಯ ಮೇಲೆ ಆ ಮರ ಕಂಡು ಮರೆಯಾಗುವುದು ಕೆಲವೇ ಕ್ಷಣ. ಇಂಥ ಶ್ರದ್ಧೆಯ ಕೆಲಸ ಮಾಡಬಲ್ಲ ಕೈಗಳು ಒಂದು ದೇಶದಲ್ಲಿ ಉಳಿಯಬೇಕಾದರೆ ಕೆಲಸ ಬರುತ್ತಲೇ ಇರಬೇಕು. ಚಿತ್ರವನ್ನು ಉಳಿಸಿಕೊಳ್ಳಲು ಹೋರಾಡಿದವರ ಪರವಾಗಿ ನಾನು ಹೇಳುವ ಅತಿ ದೊಡ್ಡ ಮಾತು ಇದು. ಬ್ರಶ್ ಹಿಡಿದು ಅಂಥ ಎಲೆಗಳಿಗೆ ಬಣ್ಣ ಬಳಿಯುವವನಿಗೂ ಕರಾರಿನಲ್ಲಿ ಆಸರೆ ಬೇಕಲ್ಲ ಎಂಬುದು ನಟರ ಪರವಾಗಿ ಹೇಳುವ ಮಾತು. ಕಾನೂನು ಬರೆಯುವವರು ಇವೆರಡನ್ನೂ ಒಟ್ಟಿಗೆ ಕೇಳಬಹುದಿತ್ತು.

ಹಾಗೆ ಕೇಳಲು ಹನ್ನೆರಡು ವರ್ಷ ಬೇಕಾಯಿತು. ಲೇಬರ್ ಸರ್ಕಾರ ಬಂದ ಮೇಲೆ ನಿರ್ಮಾಪಕರು, ನಟರು, ತಂತ್ರಜ್ಞರು ಎಲ್ಲರನ್ನೂ ಕೂರಿಸಿದ ಕಾರ್ಯಪಡೆ 2018ರಲ್ಲಿ ಶಿಫಾರಸು ಕೊಟ್ಟಿತು. 2022ರಲ್ಲಿ ಹೊಸ ಕಾಯ್ದೆ ಬಂತು. ಅದರಲ್ಲಿ ಗುತ್ತಿಗೆದಾರರು ಗುತ್ತಿಗೆದಾರರಾಗಿಯೇ ಇರುತ್ತಾರೆ, ಅದು ಸ್ಟುಡಿಯೊಗಳಿಗೆ ನೆಮ್ಮದಿ. ಆದರೆ ಅವರು ಒಟ್ಟಾಗಿ ಕೂತು ಚೌಕಾಸಿ ಮಾಡಬಹುದು. ಆ ಚೌಕಾಸಿಗಾಗಿ ಮುಷ್ಕರ ಹೂಡುವಂತಿಲ್ಲ. ಎರಡೂ ಕಡೆ ಪೂರ್ತಿ ತೃಪ್ತಿಯಿಲ್ಲ, ಆದರೆ ಎರಡೂ ಕಡೆಯವರ ಮಾತು ಅದರಲ್ಲಿ ಸೇರಿದೆ. ಇದಕ್ಕೆ ಒಂದು ವರ್ಷ ಮುಂಚೆ, 2021ರ ಆಗಸ್ಟ್‌ನಲ್ಲಿ, ಅದೇ ಟೋಲ್ಕಿನ್ ಲೋಕದ ಕತೆಯನ್ನು ಆಧರಿಸಿದ ‘ರಿಂಗ್ಸ್ ಆಫ್ ಪವರ್’ ಸರಣಿಯ ಎರಡನೆಯ ಭಾಗವನ್ನು ಅಮೆಜಾನ್ ಬ್ರಿಟನ್‌ಗೆ ಸಾಗಿಸುವುದಾಗಿ ಪ್ರಕಟಿಸಿತು. ಆಗ 2010ರ ತಿದ್ದುಪಡಿ ಇನ್ನೂ ಜಾರಿಯಲ್ಲೇ ಇತ್ತು.