ಟ್ಯೂಬಿನ ಮೇಲೆ ಇಲ್ಲದ ಅಂಕಿ

ನಾನೊಕ್ಸಿನಾಲ್-9 ಎಂಬ ರಾಸಾಯನಿಕ ಪ್ರಯೋಗಾಲಯದಲ್ಲಿ ಎಚ್‌ಐವಿಯನ್ನು ಕೊಲ್ಲುತ್ತದೆ. ಹಾಗಾಗಿ ದೇಹದಲ್ಲೂ ಕಾಪಾಡೀತು ಎಂಬ ಆಸೆ ಬಹುಕಾಲ ಇತ್ತು. ಬೆನಿನ್, ಐವರಿ ಕೋಸ್ಟ್, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್‌ಗಳ ಲೈಂಗಿಕ ಕಾರ್ಯಕರ್ತೆಯರಲ್ಲಿ ಈ ಜೆಲ್‌ನ ಪರೀಕ್ಷೆ ನಡೆಯಿತು. 2000ದಲ್ಲಿ ಡರ್ಬನ್‌ನಲ್ಲಿ ಹೊರಬಿದ್ದ ಫಲಿತಾಂಶ ಉಲ್ಟಾ: ಅದನ್ನು ಬಳಸಿದವರಲ್ಲೇ ಸೋಂಕು ಹೆಚ್ಚು. ವೈರಸ್ಸಿನ ಹೊದಿಕೆ ಒಡೆಯುವ ವಸ್ತು ಯೋನಿಯ ಒಳಪದರವನ್ನೂ ಕೆಡಿಸುತ್ತದೆ.

ಇಂದಿನ ಜಾರುಕ ಜೆಲ್‌ಗಳ ತಕರಾರು ಬೇರೆ. ಗ್ಲಿಸರಿನ್ ಅತಿಯಾದರೆ, ಉಪ್ಪು ಮಾವಿನಕಾಯಿಯ ನೀರೆಳೆದಂತೆ, ಅದು ಜೀವಕೋಶಗಳ ನೀರೆಳೆಯುತ್ತದೆ, ಪದರ ಸುಲಿಯಬಹುದು. ಈ ಎಳೆತದ ಅಳತೆ ಆಸ್ಮೊಲಾಲಿಟಿ. ಅದು ಕಿಲೋಗೆ 1200 ಮಿಲಿಆಸ್ಮೋಲ್ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಇಂಥ ಜೆಲ್‌ನಿಂದ ಸೋಂಕು ಹೆಚ್ಚಿದ್ದಕ್ಕೆ ಗಟ್ಟಿ ಪುರಾವೆಯಿಲ್ಲ, ನಿಜ. ಆದರೂ ಆ ಅಂಕಿಯನ್ನು ಟ್ಯೂಬಿನ ಮೇಲೆ ಕಡ್ಡಾಯವಾಗಿ ಅಚ್ಚು ಹಾಕಿಸಲು ಏನಡ್ಡಿ? ಸ್ಟ್ರಾಬೆರಿ ಚಿತ್ರಕ್ಕಂತೂ ಜಾಗವಿದೆ.

ಹಾಗೆಂದು ಜೆಲ್ಲೇ ಬೇಡವೆಂದಲ್ಲ. ಒಣ ಉಜ್ಜಾಟದಲ್ಲಿ ಚರ್ಮವೂ ಗೀರುತ್ತದೆ, ಕಾಂಡೋಮೂ ಹರಿಯುತ್ತದೆ. ಅಂಗಡಿಯಲ್ಲಿ ಕೇಳಲು ನಾಚಿ ಕೊಬ್ಬರಿ ಎಣ್ಣೆಯ ಬಾಟಲಿಗೆ ಕೈಹಾಕುವುದು ಇನ್ನೂ ಕೆಟ್ಟದ್ದು: ಎಣ್ಣೆ ತಗುಲಿದ ಲೇಟೆಕ್ಸ್ ಕಾಂಡೋಮ್ ನಿಮಿಷಗಳಲ್ಲೇ ಬಲ ಕಳೆದುಕೊಳ್ಳುತ್ತದೆ. ನೀರಿನ ಅಥವಾ ಸಿಲಿಕೋನ್ ಜೆಲ್‌ಗೆ ಆ ದೋಷವಿಲ್ಲ.