ನರಸಾಪುರದ ಲೆಕ್ಕ ಯಾರು ಕೇಳಬೇಕು?

ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಆಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಹೊಟ್ಟೆಪಾಡು ರೈಲು ಹತ್ತಿತು. ಮಾರಿಕುಪ್ಪಂನಿಂದ ಹೊರಟ ಗಾಡಿ ಬಂಗಾರಪೇಟೆ, ಮಾಲೂರು ದಾಟುವಷ್ಟರಲ್ಲಿ ಬೋಗಿಯೊಳಗೆ ಕಾಲಿಡಲು ಜಾಗ ಇರುವುದಿಲ್ಲ. ಬೆಂಗಳೂರಿನಲ್ಲಿ ದುಡಿದು ರಾತ್ರಿ ಊರು ಸೇರುವ ಸಾವಿರಾರು ಜನರ ದಿನಚರಿ ಅದು. ಕೋಲಾರ ಜಿಲ್ಲೆಗೆ ಕಾರ್ಖಾನೆ ಬೇಕು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಾರ್ಖಾನೆಗಳು ಬಂದವು ಕೂಡ. ವರ್ಷವಿಡೀ ಹರಿಯುವ ನದಿ ಇಲ್ಲದ, ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆ ಇಲ್ಲದ ಈ ಜಿಲ್ಲೆಗೆ ಹೆದ್ದಾರಿಯೊಂದು ಆಸರೆಯಾಯಿತು. ಬೆಂಗಳೂರು–ಕೋಲಾರ ದಾರಿಯ ಪಕ್ಕ, ನರಸಾಪುರದ ಸುತ್ತಮುತ್ತಲಿನ ಹೊಲಗಳನ್ನು ಕೆಐಎಡಿಬಿ ಕೈಗಾರಿಕಾ ಪ್ರದೇಶವಾಗಿ ಮಾಡಿತು. 2013ರಲ್ಲಿ ಹೋಂಡಾ ಅಲ್ಲಿ ದ್ವಿಚಕ್ರ ವಾಹನ ತಯಾರಿಸತೊಡಗಿತು. ಬಿಡಿಭಾಗದ ಕಂಪನಿಗಳು ಬೆನ್ನಲ್ಲೇ ಬಂದವು. 2020ರಲ್ಲಿ ತೈವಾನಿನ ವಿಸ್ಟ್ರಾನ್ 43 ಎಕರೆಯಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ತೆರೆದಾಗ, ಟೊಮೆಟೊ ಮಾರುಕಟ್ಟೆಗೆ ಹೆಸರಾದ ಜಿಲ್ಲೆ ಏಕಾಏಕಿ ಜಗತ್ತಿನ ವ್ಯಾಪಾರ ಪುಟಗಳಲ್ಲಿ ಕಾಣಿಸಿಕೊಂಡಿತು.

ಅದೇ ವರ್ಷ ಡಿಸೆಂಬರ್ 12ರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಕಾರ್ಖಾನೆಯ ಗಾಜು ಒಡೆದರು, ವಾಹನ ಉರುಳಿಸಿದರು. ನಷ್ಟ 437 ಕೋಟಿ ರೂಪಾಯಿ ಎಂದು ಮೊದಲು ದೂರು ದಾಖಲಾಯಿತು. ಕೆಲವೇ ದಿನಗಳಲ್ಲಿ ಆ ಅಂಕಿ 26–52 ಕೋಟಿ ರೂಪಾಯಿಗೆ ಇಳಿಯಿತು. ದಾಂಧಲೆ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಖಾನೆಗಳ ಇಲಾಖೆಯವರು ಒಳಹೊಕ್ಕು ನೋಡಿದಾಗ ಕಂಡದ್ದು ಬೇರೆಯದೇ ಕಥೆ. ಅಲ್ಪ ಕಾಲದಲ್ಲೇ ಕಾರ್ಮಿಕರ ಸಂಖ್ಯೆ 5 ಸಾವಿರದಿಂದ ಸುಮಾರು 10 ಸಾವಿರಕ್ಕೆ ಏರಿತ್ತು. ಅಷ್ಟು ಜನರ ಹಾಜರಾತಿ, ಓಟಿ, ಸಂಬಳ ನೋಡಿಕೊಳ್ಳುವ ವ್ಯವಸ್ಥೆ ಮಾತ್ರ ಇದ್ದಲ್ಲೇ ಇತ್ತು. ಎಂಟು ಗಂಟೆಯ ಪಾಳಿ ಹನ್ನೆರಡಕ್ಕೆ ಹಿಗ್ಗಿತ್ತು. ಹಾಜರಾತಿ ಯಂತ್ರ ಕೈಕೊಟ್ಟಿತ್ತು. 21 ಸಾವಿರ ಎಂದು ಹೇಳಿ ಸೇರಿಸಿಕೊಂಡವರ ಕೈಗೆ 16 ಸಾವಿರ, ಆಮೇಲೆ ಅದಕ್ಕಿಂತಲೂ ಕಡಿಮೆ ಬಂತು ಎಂಬುದು ಕಾರ್ಮಿಕರ ದೂರಾಗಿತ್ತು. ವಾರದೊಳಗೆ ವಿಸ್ಟ್ರಾನ್ ಕೆಲವರಿಗೆ ಸರಿಯಾಗಿ ಸಂಬಳ ಕೊಟ್ಟಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಆ್ಯಪಲ್ ತಾತ್ಕಾಲಿಕವಾಗಿ ಹೊಸ ಆರ್ಡರ್ ನಿಲ್ಲಿಸಿತು.

ಅಲ್ಲಿ ದುಡಿಯುತ್ತಿದ್ದವರಲ್ಲಿ ಕಂಪನಿ ರೋಲ್‌ನಲ್ಲಿ ಇದ್ದವರು ಒಂದೂವರೆ ಸಾವಿರಕ್ಕೂ ಕಡಿಮೆ. ಉಳಿದವರೆಲ್ಲ ಐದಾರು ಏಜೆನ್ಸಿಗಳ ಕಾಂಟ್ರಾಕ್ಟ್ ಆಳುಗಳು. ಸಂಬಳ ಕಡಿತ ಯಾಕೆ ಎಂದು ಕೇಳಿದರೆ ಏಜೆನ್ಸಿ ಕಂಪನಿಯ ಕಡೆ ಕೈ ತೋರಿಸುತ್ತದೆ, ಕಂಪನಿ ಏಜೆನ್ಸಿಯ ಕಡೆ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಸಂಬಳ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಐಟಿಐ ಮುಗಿಸಿ ನೇರವಾಗಿ ಅಸೆಂಬ್ಲಿ ಲೈನಿಗೆ ಬಂದು ನಿಂತ ಹುಡುಗನಿಗೆ ಅದನ್ನು ಯಾರು ಹೇಳಿಕೊಟ್ಟಾರು? ಹೇಳಬೇಕಾಗಿದ್ದ ಕಾರ್ಮಿಕ ಇಲಾಖೆ ಎಚ್ಚೆತ್ತದ್ದು ಗಾಜು ಒಡೆದ ಮೇಲೆ.

ಇಷ್ಟಾದರೂ ಸರ್ಕಾರಗಳು ಉದ್ಯೋಗದ ಲೆಕ್ಕ ಹಾಕುವ ರೀತಿ ಬದಲಾಗಿಲ್ಲ. ಹೂಡಿಕೆದಾರರ ಸಮಾವೇಶ, ಒಡಂಬಡಿಕೆಗೆ ಸಹಿ, ಇಷ್ಟು ಕೋಟಿ, ಇಷ್ಟು ಸಾವಿರ ಉದ್ಯೋಗ, ಫೋಟೊ. ಕೊಪ್ಪಳದ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿದ್ದಾಗ 400 ಎಕರೆ, 5 ಸಾವಿರ ಕೋಟಿ ರೂಪಾಯಿ, ಐದು ವರ್ಷದಲ್ಲಿ 40 ಸಾವಿರ ಉದ್ಯೋಗ ಎಂದು ಘೋಷಣೆಯಾಯಿತು. ಆ ಐದು ವರ್ಷದ ಗಡುವು ಮುಗಿದಾಗ ಅವುಗಳಲ್ಲಿ ಎಷ್ಟು ಕಾಯಂ, ಎಷ್ಟು ಕಾಂಟ್ರಾಕ್ಟ್ ಎಂದು ಸದನದಲ್ಲಿ ಎದ್ದು ಕೇಳುವುದು ಶಾಸಕರ ಕೆಲಸ.

2024ರ ಜುಲೈನಲ್ಲಿ ಚರ್ಚೆ ಮತ್ತೊಂದು ದಿಕ್ಕು ಹಿಡಿಯಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೇ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹುಯಿಲೆಬ್ಬಿಸಿದ್ದೇ ತಡ, ಅದನ್ನು ತಡೆಹಿಡಿಯಿತು. ಸ್ಥಳೀಯರಿಗೆ ಕೆಲಸ ಸಿಗಬೇಕು ಎಂಬ ಬೇಡಿಕೆಯಲ್ಲಿ ತಪ್ಪಿಲ್ಲ, ಭೂಮಿ ಕೊಟ್ಟ ಊರು ಅಷ್ಟನ್ನು ಕೇಳಿಯೇ ಕೇಳುತ್ತದೆ. ಆದರೆ ಏಜೆನ್ಸಿ ಮೂಲಕ ಹನ್ನೊಂದು ತಿಂಗಳು ಇಟ್ಟುಕೊಂಡು ಕಳಿಸಿಬಿಡುವ ಕೆಲಸದಲ್ಲಿ ಶೇ 70 ಸಿಕ್ಕರೂ ಕೋಲಾರದ ಹುಡುಗಿಗೆ ಆಗುವ ಲಾಭವೇನು? ಬ್ಯಾಂಕು ಅವಳಿಗೆ ಸಾಲ ಕೊಡುವುದಿಲ್ಲ. ಕಾರ್ಖಾನೆ ಬಂತೆಂದು ಸುತ್ತಲಿನ ಮನೆ ಬಾಡಿಗೆ, ಪಿಜಿ ದರ ಮಾತ್ರ ಏರಿರುತ್ತದೆ.

ಕಾನೂನು ಉದ್ಯಮದ ಕಡೆಗೆ ಸಾಕಷ್ಟು ಬಾಗಿದೆ. 2023ರ ಫೆಬ್ರುವರಿಯಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು, ಮಹಿಳೆಯರನ್ನು ರಾತ್ರಿ ಪಾಳಿಗೆ ತೆಗೆದುಕೊಳ್ಳಲು ರಾಜ್ಯ ಅವಕಾಶ ಕೊಟ್ಟಿತು. ಮೂರು ತಿಂಗಳ ಓಟಿ ಮಿತಿ 75 ಗಂಟೆಯಿಂದ 145ಕ್ಕೆ ಏರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಸ್ಟ್ರಾನ್ ತನ್ನ ಘಟಕವನ್ನು ಟಾಟಾ ಎಲೆಕ್ಟ್ರಾನಿಕ್ಸ್‌ಗೆ ಮಾರಲು ಒಪ್ಪಿತು. ಮಾಲೀಕರು ಯಾರೇ ಇರಲಿ, ಹೆದ್ದಾರಿ, ಭೂಮಿ, ಕರೆಂಟು, ಗಂಟೆಗಳ ಸಡಿಲಿಕೆ ಇಷ್ಟನ್ನೂ ಕೊಟ್ಟಿರುವ ಸರ್ಕಾರಕ್ಕೆ ತಿರುಗಿ ಪ್ರಶ್ನೆ ಕೇಳುವ ಹಕ್ಕು ಇದ್ದೇ ಇದೆ.

ಅದಕ್ಕೆ ಹೊಸ ಸಮಿತಿ ಬೇಡ, ವರದಿಯೂ ಬೇಡ. ಯಾರಿಗೆ ಎಷ್ಟು ತಿಂಗಳು ಪಿಎಫ್ ಕಟ್ಟಲಾಗಿದೆ, ಯಾವ ಸಂಸ್ಥೆಯ ಹೆಸರಿನಲ್ಲಿ ಎಂಬ ದಾಖಲೆ ಈಗಲೇ ಇದೆ. ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ರಿಯಾಯಿತಿ, ಸಹಾಯಧನದ ಮುಂದಿನ ಕಂತಿಗೆ ಸಹಿ ಹಾಕುವ ಮೊದಲು ಕೈಗಾರಿಕಾ ಇಲಾಖೆ ಈ ಎರಡು ಕಾಗದಗಳನ್ನು ತರಿಸಿಕೊಳ್ಳಲಿ. ಒಂದು ವರ್ಷ ತುಂಬಿದ, ಕಂಪನಿಯೇ ನೇರವಾಗಿ ಸಂಬಳ ಕೊಡುವ ಕೆಲಸಗಳನ್ನಷ್ಟೇ ಉದ್ಯೋಗ ಎಂದು ಎಣಿಸಲಿ.